ಶುಕ್ರವಾರ ಬಂದ ಸೋಮವಾರ

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಹಂಡೆಗೆ ಉರಿ ಹಾಕುವಾಗ ಸೋಗೆ ಮುಗಿಯುತ್ತ ಬಂದಿದೆ, ತೋಟದಿಂದ ತರಿಸಬೇಕು ಅಂದುಕೊಂಡೆ. ಹಾಲು ಕಾಯಿಸಿದೆ. ಇವರಿಗೆ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಟ್ಟು ಕೊಬ್ಬರಿ ಮಂಡಿಗೆ ಕಳಿಸಿದೆ. ಸೋಮವಾರವಾದ್ದರಿಂದ ಅತ್ತೆಯ ಪೂಜೆಗೆ ಬಿಲ್ವಪತ್ರೆ ತೊಳೆದಿಟ್ಟೆ, ಅವರ ಪಾಲಿನ ಬಾಳೆಹಣ್ಣು, ಹಾಲು ತೆಗೆದಿರಿಸಿದೆ. ಸೋಮವಾರ ಅವರು ಅನ್ನ ಮುಟ್ಟುವವರಲ್ಲ. ಈ ಮನೆಗೆ ನಾನು ಸೊಸೆಯಾಗಿ ಬಂದ ಲಾಗಾಯ್ತು ಮುಟ್ಟಿದ್ದು ಕಂಡಿಲ್ಲ. ಹಿತ್ತಲಲ್ಲಿ ಒಣಹಾಕಿದ್ದ ಮೆಣಸಿನಕಾಯಿ ಮಗುಚಿ ಹಾಕಿದೆ. ದೀಪದ ಕಂಬವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಆಮೇಲೆ ಮೊರ ಹಿಡಿದು ಜಗಲಿಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದಾಗ ಹನುಮಕ್ಕ ಬಂದಳು.

ಹನುಮಕ್ಕ ಕೇರಿಯವಳು. ಅವಳ ಗಂಡ ರಂಗಪ್ಪನದು ಸ್ಟೇಷನ್ ರಸ್ತೆಯಲ್ಲಿ ಸೈಕಲ್ ಷಾಪು. ಯಾವಾಗಲೂ ಏನಾದರೊಂದು ಕೀಟಲೆ ಮಾಡಿಕೊಂಡೇ ಬರುವವಳು ಇವತ್ತು ಸುಮ್ಮನೆ ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಟೀಚರಮ್ಮ ಹೋಗ್ಬಿಟ್ರು ಕಣವ್ವ. ನಿನ್ನೆ ಕಡೂರಲ್ಲಿ. ನಮ್ಮೋರು ಟಯರ್ ತರಾಕೆ ಹೋಗಿದ್ರು, ಗಿರಿಜಮ್ಮನ ಮನೆ ಮುಂದೆ ಜನ ಸೇರಿದ್ದು ನೋಡಿ ಗೊತ್ತಾಯ್ತಂತೆ. ಮಣ್ಣಿಗೂ ನಿಂತಿದ್ದು ಬಂದ್ರು."

ನಾನು ಮೊರ ಕೆಳಗಿಟ್ಟೆ. ಒಳಗೆ ಪೂಜೆಯ ಗಂಟೆ ನಿಂತು, ಸ್ವಲ್ಪ ಹೊತ್ತಿಗೆ ಅತ್ತೆ ಹೊಸ್ತಿಲವರೆಗೆ ಬಂದರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. "ಯಾರು ಅಂದ್ಯೇ?" ಎಂದು ಕೇಳಿದರು, ಕೇಳಿಸಿಕೊಂಡಿದ್ದರೂ.

ಟೀಚರ್ ನಮ್ಮ ಬೀದಿಯಲ್ಲಿ ಎದುರು ಸಾಲಿನ ಹೆಂಚಿನ ಮನೆಯಲ್ಲಿದ್ದವರು. ಅಜ್ಜಂಪುರದ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು. ಗಂಡ ರೈಲ್ವೆಯಲ್ಲಿ ಗಾರ್ಡು. ಬೀರೂರಿನಲ್ಲಿ ಅವರ ಡ್ಯೂಟಿ, ಮನೆಗೆ ಬರುವುದು ರೈಲಿನ ಮನಸ್ಸಿಗೆ ಬಂದಾಗ. ಮಗಳು ಗಿರಿಜೆಯನ್ನು ಕಡೂರಿಗೆ ಕೊಟ್ಟಿದ್ದರು. ಹೆಸರು ಬರೆಯುವುದು ಬೇಡ. ನಮ್ಮೂರಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಲೂ ಇರಲಿಲ್ಲ. ಎದುರಿಗೆ ಟೀಚರ್, ಬೆನ್ನ ಹಿಂದೆ 'ಆದ್ರೆ ಟೀಚರು'. ಯಾರು ಏನೇ ಹೇಳಲಿ, ಪೂರ್ತಿ ಕೇಳಿಸಿಕೊಂಡು, ಕನ್ನಡಕ ಹಣೆಯ ಮೇಲಕ್ಕೇರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಅದು ಸರಿ, ಆದ್ರೆ ಒಂದು ಮಾತು" ಎನ್ನುವರು. ಆ ಒಂದು ಮಾತು ಶುರುವಾದರೆ ಒಲೆಯ ಮೇಲಿನ ಹಾಲು ಉಕ್ಕಿ ಹೋದದ್ದೂ ಉಂಟು. ಕನ್ನಡಕ ಹಣೆಯ ಮೇಲೆಯೇ ಉಳಿದು, ಅದನ್ನು ಮನೆಯೆಲ್ಲ ಹುಡುಕಾಡಿದ್ದೂ ಉಂಟು.

ಅವರು ಹೊರಗಿನವರಲ್ಲ. ಚೌಳಹಿರಿಯೂರಿನ ಕಡೆಯ ಒಳ್ಳೆಯ ಮನೆತನ, ನಮ್ಮವರೇ. ಮಠಕ್ಕೆ ನಡೆದುಕೊಂಡು ಬಂದ ಮನೆ. ಬೆಳಿಗ್ಗೆ ಲಿಂಗಪೂಜೆ ಮಾಡದೆ ನೀರು ಮುಟ್ಟುತ್ತಿರಲಿಲ್ಲ. ಊರಿನವರಿಗೆ ಸಂಕಟವಾಗುತ್ತಿದ್ದದ್ದು ಅದೇ. ಬೇರೆ ಕಡೆಯಿಂದ ಬಂದವರು ಬೇರೆ ಮಾತು ಆಡಿದ್ದರೆ 'ಅವರ ಕಡೆ ಹಾಗೆ' ಎಂದು ಬಿಟ್ಟುಬಿಡಬಹುದಿತ್ತು. ವಿಭೂತಿ ಹಚ್ಚಿಕೊಂಡವರ ಬಾಯಿಂದಲೇ ಉಳುವವನಿಗೆ ಹೊಲ ಹೋದರೆ ತಪ್ಪೇನು ಎಂಬ ಮಾತು ಬಂದರೆ ಏನು ಮಾಡುವುದು? ಕೇರಿಯ ಮಕ್ಕಳಿಗೆ ಸ್ಕಾಲರ್‌ಶಿಪ್ಪು, ಮೀಸಲಾತಿ ಎಲ್ಲ ಬೇಕು ಎಂದು ಅವರು ನಮ್ಮ ಜಗಲಿಯ ಮೇಲೇ ಕೂತು ಮಾವನವರಿಗೆ ಹೇಳುವರು. ಮಾವನವರು ಎಲೆ ಅಡಿಕೆ ತಟ್ಟೆಯನ್ನು ಆ ಕಡೆ ತಳ್ಳಿ, "ನಿನ್ನಂಥೋಳು ನಮ್ಮ ಪೈಕಿ ಹೆಂಗೆ ಹುಟ್ಟಿದ್ಯೋ ತಾಯಿ" ಎನ್ನುವರು. "ಅದು ಸರಿ ಮಾವ, ಆದ್ರೆ ಹುಟ್ಟಿಬಿಟ್ಟಿದೀನಲ್ಲ, ಈಗೇನ್ ಮಾಡೋದು?" ಎಂದು ಅವರು ನಗುವರು.

ತುರ್ತು ಪರಿಸ್ಥಿತಿಯ ಕಾಲದಲ್ಲಿ ಮಾತ್ರ ಊರೆಲ್ಲ ಅವರನ್ನು ಮೆಚ್ಚಿಕೊಂಡಿತ್ತು. ಮಕ್ಕಳಾಗದ ಆಪರೇಷನ್ ಕ್ಯಾಂಪಿಗೆ ಗಂಡಸರನ್ನು ಕರೆತರಬೇಕೆಂದು ಮೇಷ್ಟ್ರುಗಳಿಗೆಲ್ಲ ಹೇಳಿದ್ದರು. ಇವರು ಮೀಟಿಂಗಿನಲ್ಲಿ ಎದ್ದು ನಿಂತು, "ಮಕ್ಕಳಿಗೆ ಪಾಠ ಹೇಳೋಕೆ ನನ್ನ ತಗೊಂಡಿದೀರಿ. ಅವರಪ್ಪಂದಿರನ್ನ ಹಿಡ್ಕೊಂಡು ಬರೋಕಲ್ಲ" ಎಂದುಬಿಟ್ಟರು. ಇಂಕ್ರಿಮೆಂಟ್ ನಿಂತಿತು. ಆಗ ಇದೇ ಮಾವನವರು, "ಗಂಡೆದೆ ಕಣಯ್ಯ ಅವಳದ್ದು" ಎಂದು ಮಂಡಿಯಲ್ಲೆಲ್ಲ ಹೇಳಿಕೊಂಡು ತಿರುಗಿದರು. ಟೀಚರಿಗೆ ಆ ಹೊಗಳಿಕೆ ಅಷ್ಟು ರುಚಿಸಲಿಲ್ಲ. ನನ್ನ ಹತ್ತಿರ ಬಟಾಣಿ ಬಿಡಿಸುತ್ತ ಹೇಳಿದರು: "ಇವತ್ತು ಭೇಷ್ ಅಂತಾರೆ. ಇದೇ ಬಾಯಲ್ಲಿ ನಾಳೆ ಬೇರೆ ವಿಷಯಕ್ಕೆ ನಾನು ಬೇಡ ಅಂದ್ರೆ ಆಗ ನೋಡು."

ನಮ್ಮ ಬೀದಿಯಲ್ಲಿ ಮನುಷ್ಯರಿಗಿಂತ ಬಟ್ಟಲುಗಳ ಓಡಾಟ ಜಾಸ್ತಿ. ಯಾರ ಮನೆಯಲ್ಲಿ ಏನು ವಿಶೇಷ ಮಾಡಿದರೂ ಒಂದು ಬಟ್ಟಲು ಎದುರು ಮನೆಗೆ. ಬಟ್ಟಲನ್ನು ಖಾಲಿ ವಾಪಸ್ಸು ಕೊಡುವ ಹಾಗಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ, ಒಂದು ಅಚ್ಚು ಬೆಲ್ಲವಾದರೂ ಹಾಕಿ ಕಳಿಸಬೇಕು. ಟೀಚರ ಮನೆಯ ಬಟ್ಟಲು ಸ್ಟೀಲಿನದು, ಅಂಚಿನಲ್ಲಿ ಅವರ ಹೆಸರಿನ ಮೊದಲ ಅಕ್ಷರ ಕೊರೆಸಿತ್ತು. ಅದು ಅವರ ಮನೆಯಲ್ಲಿ ಇದ್ದಷ್ಟೇ ದಿನ ನಮ್ಮ ಮನೆಯಲ್ಲೂ ಇರುತ್ತಿತ್ತು.

ಆದರೆ ಅವರ ಮನೆಯಲ್ಲಿ ಲೋಟ ಒಂದೇ ಥರದವು. ಹೊರಗೆ ಗೂಡಿನಲ್ಲಿ ಬೇರೆ ಲೋಟ ಇಡುವ ಪದ್ಧತಿ ಇರಲಿಲ್ಲ. ಅವರ ಹಳೆಯ ವಿದ್ಯಾರ್ಥಿ ರಂಗಪ್ಪ ಸೈಕಲ್ ರಿಪೇರಿ ಮಾಡಿ ತಂದುಕೊಟ್ಟರೆ ನಡುಮನೆಯಲ್ಲಿ ಕೂತು ಕಾಫಿ ಕುಡಿದು ಹೋಗುವನು. ಅದನ್ನೊಂದು ದಿನ ಕಣ್ಣಾರೆ ಕಂಡ ಮೇಲೆ ಅತ್ತೆಗೆ ಆ ಮನೆಗೆ ಹೋದಾಗಲೆಲ್ಲ 'ಈಗ ತಾನೇ ಕುಡಿದು ಬಂದ' ಕಾಫಿಯೇ ಆಯಿತು. ಬಟ್ಟಲಿನಲ್ಲಿ ಬಂದ ಚಕ್ಕುಲಿ, ಕೋಡುಬಳೆ ಒಳಗೆ ಬರುತ್ತಿತ್ತು. ಅನ್ನದ ಪದಾರ್ಥ ಬಂದರೆ ಅತ್ತೆ ಕೊಟ್ಟಿಗೆಯ ಕಡೆ ನೋಡುವರು. ಟೀಚರಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಮಾವಿನಕಾಯಿ ಕಾಲ ಬಂತೆಂದರೆ ಕಾಯಿ, ಹಸಿ ಸಾಸಿವೆ, ಒಣಮೆಣಸಿನಕಾಯಿ ರುಬ್ಬಿ ಹಾಕಿ ಚಿತ್ರಾನ್ನ ಮಾಡಿ ಕಳಿಸುವರು. ಅದು ಅವರ ಹಟ. ನಾನು ಅಡಿಗೆಮನೆಯಲ್ಲೇ ಎರಡು ತುತ್ತು ತಿಂದು ಉಳಿದದ್ದನ್ನು ಅತ್ತೆ ಹೇಳಿದ ಕಡೆ ಹಾಕುತ್ತಿದ್ದೆ. ಮಾರನೆಯ ದಿನ ಟೀಚರು ಬಾವಿಕಟ್ಟೆಯ ಹತ್ತಿರ ಸಿಕ್ಕರೆ, ಕಣ್ಣು ಕಿರಿದು ಮಾಡಿ, "ಏನೇ, ನಿಮ್ಮ ಗೌರಿಗೆ ಚಿತ್ರಾನ್ನ ಹಿಡಿಸ್ತಂತಾ? ಖಾರ ಜಾಸ್ತಿ ಆಯ್ತಾ ಹೆಂಗೆ?" ಎಂದು ಕೇಳುವರು. ಗೌರಿ ನಮ್ಮ ಹಸು.

ಒಮ್ಮೆ ನಾನೇ ಕೇಳಿದ್ದೆ. ಇಷ್ಟೆಲ್ಲ ಮಾತು ಕೇಳಿಕೊಂಡು ಇಲ್ಲೇಕೆ ಇರುತ್ತೀರಿ, ಟ್ರಾನ್ಸ್‌ಫರ್ ಮಾಡಿಸಿಕೊಂಡು ದೊಡ್ಡ ಊರಿಗೆ ಹೋಗಬಹುದಲ್ಲ, ಅಲ್ಲಿ ನಿಮ್ಮಂಥವರು ಇರುತ್ತಾರಲ್ಲ ಎಂದು. ಅವರು ಯೋಚನೆ ಮಾಡಿಯೇ ಹೇಳಿದರು: "ಅಲ್ಲಿ ನಾನು ಏನಂದ್ರೂ ಹೌದು ಅಂತಾರೆ ಕಣೇ. ಅಲ್ಲಿ ನಂಗೇನು ಕೆಲಸ? ನಂಗೆ ಎರಡೂ ಬೇಕು. ನನ್ನ ಮಾತೂ ಬೇಕು, ನಿಮ್ಮ ಬೀದೀನೂ ಬೇಕು. ಗಿರಿಜೆ ಬಾಣಂತನಕ್ಕೆ ಬಂದ್ರೆ ಮಗೂಗೆ ಎಣ್ಣೆ ನೀರು ಹಾಕೋಕೆ ನಿಮ್ಮತ್ತೇನೇ ಬರಬೇಕು."

ಎರಡೂ ಬೇಕು ಎನ್ನುವುದು ಎಷ್ಟು ಕಷ್ಟದ್ದು ಎಂದು ಅದರ ಮುಂದಿನ ಪಂಚಾಯ್ತಿ ಚುನಾವಣೆಯಲ್ಲಿ ಕಂಡೆವು.

ನಮ್ಮಲ್ಲಿ ಚುನಾವಣೆ ಎಂದರೆ ಹಿರಿಯರು ಮೊದಲು ಗುಡಿಯಲ್ಲಿ ಕೂತು ಯಾರು ಎಂದು ತೀರ್ಮಾನ ಮಾಡುವರು. ಆಮೇಲೆ ಹಿತ್ತಾಳೆ ತಟ್ಟೆಯಲ್ಲಿ ವೀಳ್ಯ ಇಟ್ಟುಕೊಂಡು ಮನೆ ಮನೆಗೆ ಬರುವರು. ಎರಡು ಎಲೆ, ಒಂದು ಅಡಿಕೆ. ಮನೆಯ ಯಜಮಾನ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ದೇವರ ಮುಂದೆ ಇಡಬೇಕು. ವೋಟಿನ ದಿನದವರೆಗೂ ಅದು ಅಲ್ಲೇ ಒಣಗಿರಬೇಕು. ವೀಳ್ಯ ಹಿಡಿದರೆ ಮನೆಯವರೆಲ್ಲರ ಮಾತು ಕೊಟ್ಟ ಹಾಗೆ. ಹಿಡಿಯದೆ ಹಿಂದಕ್ಕೆ ಕಳಿಸಿದವರನ್ನು ನಾನು ಕಂಡಿಲ್ಲ.

ಆ ಸಲ ಹಿರಿಯರು ನಿಲ್ಲಿಸಿದ್ದು ಮಂಡಿಯ ಸಾಹುಕಾರರೊಬ್ಬರನ್ನು, ತಕ್ಕಡಿ ಗುರುತು. ಎದುರಿಗೆ ಯಾರೂ ನಿಲ್ಲುವುದಿಲ್ಲ ಎಂದುಕೊಂಡಿದ್ದಾಗ ರಂಗಪ್ಪ ನಿಂತುಬಿಟ್ಟ. ಕೇರಿಗೆ ಒಂದು ನಲ್ಲಿ ಬೇಕು ಎಂಬುದೊಂದೇ ಅವನ ಮಾತು. ಸೈಕಲ್ ಗುರುತು ಕೇಳಿದವನಿಗೆ ಛತ್ರಿ ಕೊಟ್ಟರು. "ಮಳೆ ಬಂದ್ರೆ ನಂಗೇ ವೋಟು ಬೀಳ್ತದೆ ಬಿಡಿ" ಎಂದು ಪಂಕ್ಚರ್ ಹಾಕುತ್ತಲೇ ಹೇಳುತ್ತಿದ್ದನಂತೆ.

ವೀಳ್ಯದ ತಟ್ಟೆ ಹಿಡಿದವರು ಮಾವನವರೇ. ನಾಲ್ಕಾರು ಜನ ಹಿಂದೆ. ಟೀಚರ ಮನೆ ಬಾಗಿಲಲ್ಲಿ ನಿಂತರು. ಗಾರ್ಡು ಎಲ್ಲೋ ಗೂಡ್ಸ್ ಗಾಡಿಯ ಹಿಂದೆ ಇದ್ದರು, ಹಾಗಾಗಿ ಟೀಚರೇ ಹೊರಗೆ ಬಂದರು. ನಾನು ನಮ್ಮ ಜಗಲಿಯಿಂದ ನೋಡುತ್ತಿದ್ದೆ. ಅವರು ಮಾವನವರಿಗೆ ನಮಸ್ಕಾರ ಮಾಡಿದರು. ವೀಳ್ಯವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಹಿಂದಿದ್ದವರ ಮುಖ ಅರಳಿತು. ಆಮೇಲೆ ಅವರು ಬಾಗಿಲ ಪಕ್ಕದ ಗೂಡಿನಿಂದ ಸುಣ್ಣದ ಡಬ್ಬಿ ತೆಗೆದು, ಎಲೆಯ ತೊಟ್ಟು ಮುರಿದು, ನಿಧಾನವಾಗಿ ಸುಣ್ಣ ಸವರಿ, ಅಡಿಕೆ ಸಮೇತ ಬಾಯಿಗೆ ಹಾಕಿಕೊಂಡುಬಿಟ್ಟರು.

"ಎಲೆ ಚೆನ್ನಾಗಿದೆ ಮಾವ. ನಿಮ್ಮ ಕೈಯಿಂದ ಬಂದಿದ್ದು ಬೇಡ ಅನ್ನಲ್ಲ. ಆದ್ರೆ ವೋಟು ಮಾತ್ರ ನಾನು ನೋಡ್ಕೊಂಡು ಹಾಕ್ತೀನಿ."

ಬೇಡ ಎಂದಿದ್ದರೆ ಜಗಳವಾಗಿ ಮುಗಿಯುತ್ತಿತ್ತು. ಜಗಿದು ನುಂಗಿದ್ದಕ್ಕೆ ಏನು ಹೇಳಬೇಕೋ ಯಾರಿಗೂ ತಿಳಿಯಲಿಲ್ಲ. ಮಾವನವರು ತಟ್ಟೆಯನ್ನು ಹಿಂದಿದ್ದವರ ಕೈಗೆ ಕೊಟ್ಟು ಹೊರಟರು. ಮನೆಗೆ ಬಂದು ಪೇಟ ತೆಗೆದಿಟ್ಟು, "ಇನ್ಮೇಲೆ ಆ ಮನೆಗೂ ನಮಗೂ ಬಟ್ಲು ಬಳಕೆ ಬೇಡ. ಕೊಡೋದೂ ಬೇಡ, ತರೋದೂ ಬೇಡ" ಎಂದರು. ಸಾಯಂಕಾಲದೊಳಗೆ ಇಡೀ ಬೀದಿಗೆ ಅದೇ ಮಾತಾಯಿತು.

ಶಾಲೆಯ ಕಮಿಟಿಯಲ್ಲೂ ಮಾವನವರು ಇದ್ದರು. ಅವಳನ್ನು ಕೆಲಸದಿಂದ ತೆಗೆಸಿ ಎಂದು ಹೇಳಲು ಬಂದವರನ್ನು ಮಾತ್ರ ಅವರು ಗದರಿಸಿ ಕಳಿಸಿದರು. "ಪಾಠ ಚೆನ್ನಾಗಿ ಹೇಳ್ತಾಳೆ ಕಣಯ್ಯ. ನಿನ್ನ ಮಗ ಪಾಸಾಗಿದ್ದು ಯಾರಿಂದ? ಅದು ಬೇರೆ, ಇದು ಬೇರೆ." ಅವರ ನ್ಯಾಯ ಹಾಗೆ. ಅನ್ನ ಕಿತ್ತುಕೊಳ್ಳಬಾರದು, ಆದರೆ ಜೊತೆಗೆ ಉಣ್ಣಲೂಬಾರದು.

ರಂಗಪ್ಪ ಸೋತ. ಮಳೆ ಬರಲಿಲ್ಲ. ವೋಟು ಹಾಕಿ ಬರುವಾಗ ದಾರಿಯಲ್ಲಿ ಅತ್ತೆ, "ಯಾವುದಕ್ಕೆ ಒತ್ತಿದ್ಯೇ?" ಎಂದು ಕೇಳಿದರು. "ಹೇಳಬಾರದಂತೆ ಅತ್ತೆ, ಟೀಚರ್ ಹೇಳಿದಾರೆ" ಎಂದೆ. ಅತ್ತೆ, "ಹಂಗಾದ್ರೆ ನಾನೂ ಹೇಳಲ್ಲ ಬಿಡು" ಎಂದರು. ನಾನು ಯಾವುದಕ್ಕೆ ಒತ್ತಿದೆ ಎಂದು ಇಲ್ಲೂ ಬರೆಯುವುದಿಲ್ಲ.

ಬಟ್ಟಲು ಬಳಕೆ ನಿಂತಾಗ ಟೀಚರ ಬಟ್ಟಲು ನಮ್ಮ ಮನೆಯಲ್ಲೇ ಉಳಿದಿತ್ತು. ಏನಾದರೂ ಹಾಕಿ ಕಳಿಸೋಣವೆಂದರೆ ಮಾವನವರ ಮಾತು ಅಡ್ಡ. ಖಾಲಿ ಕಳಿಸೋಣವೆಂದರೆ ಅದು ಆಗುವ ಮಾತಲ್ಲ. ಹೀಗಾಗಿ ಅದು ಅಡಿಗೆಮನೆಯ ಹಲಗೆಯ ಮೇಲೆ ಬೋರಲಾಗಿ ಕೂತಿತು. ಪಾತ್ರೆ ಜೋಡಿಸುವಾಗೆಲ್ಲ ಅತ್ತೆ ಅದನ್ನು ಕೈಗೆತ್ತಿಕೊಂಡು, ಒರೆಸಿ, ಮತ್ತೆ ಅಲ್ಲೇ ಇಡುವರು.

ಮಾವಿನಕಾಯಿ ಕಾಲ ಬಂದಾಗ ಗಿರಿಜೆ ಏಳು ತಿಂಗಳ ಬಸುರಿಯಾಗಿ ತವರಿಗೆ ಬಂದಳು. ಮಡಿಲು ತುಂಬಬೇಕಿತ್ತು. ಅದಕ್ಕೆ ಐದು ಜನ ಮುತ್ತೈದೆಯರು ಬೇಕು, ಅದರಲ್ಲೂ ತವರಿನ ಬೀದಿಯವರು ಇರಬೇಕು. ಕಡೂರಿನಿಂದ ಗಿರಿಜೆಯ ಅತ್ತೆ ಬರುವವರಿದ್ದರು. ಭಾರಿ ಮಡಿ, ಭಾರಿ ಮಾತು. ಬೀದಿಯಿಂದ ಒಬ್ಬ ಹೆಂಗಸೂ ಬರದಿದ್ದರೆ ಸೊಸೆಯ ತವರನ್ನು ಊರೇ ಹೊರಗಿಟ್ಟಿದೆ ಎಂದು ಕಡೂರು ತುಂಬ ಹೇಳುವರು, ಗಿರಿಜೆ ಅದನ್ನು ಜೀವಮಾನವೆಲ್ಲ ಕೇಳಿಕೊಂಡಿರಬೇಕು. ಟೀಚರು ಕುಂಕುಮದ ಬಟ್ಟಲು ಹಿಡಿದು ಮನೆ ಮನೆಗೆ ಹೋದರು. ಒಬ್ಬರಿಗೆ ಮೈಲಿಗೆ, ಒಬ್ಬರು ತರೀಕೆರೆಗೆ ಹೋಗುವವರು, ಒಬ್ಬರಿಗೆ ಮೊಣಕಾಲು ನೋವು. ಎಲ್ಲರೂ ಕುಂಕುಮ ಹಚ್ಚಿಸಿಕೊಂಡರು, ಯಾರೂ ಬರುತ್ತೇನೆ ಎನ್ನಲಿಲ್ಲ.

ಕೊನೆಗೆ ನಮ್ಮ ಮನೆಗೆ ಬಂದರು. ಅತ್ತೆ ಒಳಗಿದ್ದರು, ಹೊರಗೆ ಬರಲಿಲ್ಲ. ಟೀಚರ ಕನ್ನಡಕ ಹಣೆಯ ಮೇಲೆ ಇರಲಿಲ್ಲ, ಮೂಗಿನ ಮೇಲೇ ಇತ್ತು. ಅವರು ಅಷ್ಟು ಸಣ್ಣಗೆ ಮಾತಾಡಿದ್ದು ನಾನು ಅದೇ ಮೊದಲು ಕೇಳಿದ್ದು.

"ಶುಕ್ರವಾರ ಮಧ್ಯಾಹ್ನ ಕಣೇ. ಸ್ಕೂಲಿನ ಇಬ್ಬರು ಟೀಚರ್‌ಗಳು ಬರ್ತಾರೆ. ಹನುಮಕ್ಕ ಬರ್ತಾಳೆ. ಇದನ್ನ ನಿಮ್ಮತ್ತೆಗೆ ಮೊದಲೇ ಹೇಳ್ಬಿಡು. ಆಮೇಲೆ ಮುಚ್ಚಿಟ್ಟು ಕರೆದ್ಲು ಅನ್ನಬಾರದು."

ನನಗೆ ತಡೆಯಲಾಗಲಿಲ್ಲ. "ಹನುಮಕ್ಕನ್ನ ಇದೊಂದು ಸಲ ಬಿಟ್ಟು ಆಮೇಲೆ ಬೇರೆ ಕರೆದ್ರೆ ಆಗಲ್ವಾ ಟೀಚರ್? ಆಗ ಬೀದಿಯೋರು ನಾಲ್ಕು ಜನ ಬಂದಾರು."

"ಬರ್ತಾರೆ, ಗೊತ್ತು" ಎಂದರು. "ಆದ್ರೆ ಅವಳ ಗಂಡನಿಗೆ ವೋಟು ಹಾಕಿದೀನಿ ಕಣೇ. ಪೆಟ್ಟಿಗೆ ಒಳಗೆ ಯಾರಿಗೂ ಕಾಣದ ಹಾಗೆ ಹಾಕಿ, ಮನೆ ಒಳಗೆ ಎಲ್ಲರಿಗೂ ಕಾಣೋ ಹಾಗೆ ಕರೀದೇ ಇದ್ರೆ ಅದೆಂಥ ವೋಟು?" ಮಾತು ಮುಗಿಸಿ ಬೀದಿಯ ಕಡೆ ನೋಡಿದರು. "ಗಿರಿಜೆ ಮುಖ ನೋಡಿದ್ರೆ ಮಾತ್ರ ಹೊಟ್ಟೆ ಉರೀತದೆ. ಅವಳೇನು ಮಾಡಿದ್ಲು ಪಾಪ?"

ಶುಕ್ರವಾರ ಬೆಳಿಗ್ಗೆಯಿಂದ ಅತ್ತೆ ಕೈಗೆ ಸಿಕ್ಕ ಕೆಲಸವೆಲ್ಲ ಮಾಡಿದರು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದರು. ಊಟಕ್ಕೆ ಕೂತ ಮಾವನವರು ತಟ್ಟೆಯಿಂದ ತಲೆ ಎತ್ತದೆ, "ಎದುರು ಮನೆಗೆ ಹೋಗೋದು ಬೇಡ" ಎಂದರು. ಅತ್ತೆ ಸಾರು ಬಡಿಸುತ್ತಿದ್ದರು. ಸೌಟು ಪಾತ್ರೆಯೊಳಗೆ ಬಿಟ್ಟರು.

"ವೀಳ್ಯ ನಿಮ್ಮದು. ಬೇಡ ಅಂದ್ರಿ, ಇಷ್ಟು ದಿನ ಅವಳ ಹೊಸ್ತಿಲು ತುಳೀಲಿಲ್ಲ. ಮಡಿಲು ನಮ್ಮದು. ಬಸುರಿ ಹುಡುಗಿ ಹೆಸರಲ್ಲಿ ಕುಂಕುಮ ಬಂದಿದೆ. ಅದಕ್ಕೆ ಹೋಗಬೇಡ ಅನ್ನೋಕೆ ನಿಮಗಿಂತ ಹಿರಿಯರಿಗೂ ಆಗಲ್ಲ."

"ಯಾರ್ ಯಾರು ಬರ್ತಾರೆ ಅಂತ ಗೊತ್ತೇನೇ?"

"ಗೊತ್ತು" ಎಂದರು ಅತ್ತೆ. "ಇನ್ನೊಂಚೂರು ಅನ್ನ ಹಾಕ್ಲಾ?"

ಮಾವನವರು ಅನ್ನ ಹಾಕಿಸಿಕೊಂಡರು. ಅತ್ತೆ ಹಲಗೆಯಿಂದ ಆ ಬಟ್ಟಲು ತೆಗೆದು, ತುಂಬ ಅಕ್ಕಿ ಹಾಕಿ, ಮೇಲೆ ಬೆಲ್ಲದಚ್ಚು, ಒಂದು ಕೊಬ್ಬರಿ ಗಿಟುಕು ಇಟ್ಟು, ನನಗೆ ರೇಷ್ಮೆ ಸೀರೆ ಉಡು ಎಂದರು. ನಾವಿಬ್ಬರೂ ಬೀದಿ ದಾಟಿದೆವು. ಆ ಕಡೆ ಈ ಕಡೆ ಕಿಟಕಿಗಳಲ್ಲಿ ಕಣ್ಣುಗಳಿದ್ದವು. ಟೀಚರು ಬಾಗಿಲಲ್ಲೇ ನಿಂತಿದ್ದರು. ತಮ್ಮ ಬಟ್ಟಲನ್ನು ಅತ್ತೆಯ ಕೈಯಲ್ಲಿ ನೋಡಿದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಗಿರಿಜೆಗೆ ಮಣೆ ಹಾಕಿದ್ದರು. ಗೋಡೆಯ ಪಕ್ಕ ಹನುಮಕ್ಕ ಹಸಿರು ಸೀರೆ ಉಟ್ಟು, ಹೂ ಮುಡಿದು, ಮುದುರಿಕೊಂಡು ಕೂತಿದ್ದಳು. ಕಡೂರಿನವರು ಅವಳನ್ನು ಎರಡು ಸಲ ನೋಡಿ, ಮೂರನೆಯ ಸಲಕ್ಕೆ ಕೇಳಿಯೇಬಿಟ್ಟರು: "ತಾವು ಯಾರ ಪೈಕಿ? ಗೊತ್ತಾಗಲಿಲ್ಲ."

ಹನುಮಕ್ಕ ಟೀಚರ ಮುಖ ನೋಡಿದಳು. ಟೀಚರು ಸೆರಗು ಸೊಂಟಕ್ಕೆ ಸಿಕ್ಕಿಸುತ್ತಿದ್ದರು. ಇನ್ನೇನು ಆ 'ಒಂದು ಮಾತು' ಬರುತ್ತದೆ, ಗಿರಿಜೆಯ ಬದುಕು ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಅತ್ತೆ ಅರಿಶಿನದ ಬಟ್ಟಲು ಕೈಗೆ ತೆಗೆದುಕೊಂಡು, "ನಮ್ಮೂರಿನೋರು ಕಣ್ರೀ" ಎಂದರು. "ಬಾರಮ್ಮ, ಹೊತ್ತಾಯ್ತು. ನೀನು ಹಚ್ಚು, ಆಮೇಲೆ ನಾನು ಹಚ್ತೀನಿ."

ಅತ್ತೆ ಮೊದಲು ಹಚ್ಚುವರು ಎಂದು ಎಲ್ಲರೂ ಕಾದಿದ್ದರು. ಹನುಮಕ್ಕ ಎದ್ದು ಹೋಗಿ ಗಿರಿಜೆಯ ಕೆನ್ನೆಗೆ ಅರಿಶಿನ ಹಚ್ಚಿದಳು. ಅವಸರದಲ್ಲಿ ಸ್ವಲ್ಪ ಕಿವಿಗೂ ಹತ್ತಿತು. ಊರಿನ ಹಿರಿಯ ಮುತ್ತೈದೆಯೇ 'ನಮ್ಮೂರಿನೋರು' ಎಂದ ಮೇಲೆ ಕಡೂರಿನವರು ಮತ್ತೆ ಕೇಳಲಿಲ್ಲ.

ಆಮೇಲೆ ಎಲೆ ಹಾಕಿದರು. ನಡುಮನೆಯಲ್ಲಿ ಒಂದೇ ಸಾಲು. ಮಾವಿನಕಾಯಿ ಚಿತ್ರಾನ್ನ, ಮೊಸರನ್ನ, ಕೋಸಂಬರಿ, ಹೋಳಿಗೆ. ಅತ್ತೆಯ ಎಲೆ ಹನುಮಕ್ಕನ ಎಲೆಯ ಪಕ್ಕಕ್ಕೆ ಬಂತು. ಅತ್ತೆ ಎಲೆ ನೋಡಿದರು, ನಿಂತೇ ಇದ್ದರು.

"ನಂಗೆ ಊಟ ಬೇಡ ಕಣಮ್ಮ. ಇವತ್ತು ಸೋಮವಾರ."

ಶುಕ್ರವಾರ ಎಂದು ಕೋಣೆಯಲ್ಲಿದ್ದವರಿಗೆಲ್ಲ ಗೊತ್ತಿತ್ತು. ಶುಕ್ರವಾರವೆಂದೇ ಮಡಿಲು ತುಂಬಿದ್ದು. ಟೀಚರು ಚಿತ್ರಾನ್ನದ ಪಾತ್ರೆ ಹಿಡಿದು ನಿಂತವರು ಒಂದು ಉಸಿರು ಬಿಟ್ಟು, "ಹೌದಲ್ವಾ ಅತ್ತೆ, ಕೆಲಸದಲ್ಲಿ ನಂಗೂ ಮರೆತೇಹೋಗಿತ್ತು" ಎಂದರು.

ಹನುಮಕ್ಕ ಎಲೆಯಿಂದ ತಲೆ ಎತ್ತದೆ ಹೇಳಿದಳು: "ನಮಗೂ ಸೋಮವಾರ ಬತ್ತದೆ ಅಮ್ಮಾರೆ. ಆದ್ರೆ ಸೋಮವಾರದ ದಿನವೇ ಬತ್ತದೆ."

ಗಿರಿಜೆ ನಗು ತಡೆಯಲಾಗದೆ ಸೆರಗು ಬಾಯಿಗೆ ಇಟ್ಟುಕೊಂಡಳು. ಅತ್ತೆಯ ಮುಖ ಕೆಂಪಾಯಿತು. ಟೀಚರು ಆ ಬಟ್ಟಲಿನ ಅಕ್ಕಿಯನ್ನು ಗಿರಿಜೆಯ ಮಡಿಲಿಗೆ ಸುರಿದು, ಅದೇ ಬಟ್ಟಲಿಗೆ ಬಾಳೆಹಣ್ಣು, ದಾಳಿಂಬೆ ತುಂಬಿ ಅತ್ತೆಯ ಕೈಗೆ ಕೊಟ್ಟರು. "ಸೋಮವಾರಕ್ಕೆ ಹಣ್ಣು ಆಗುತ್ತಲ್ವಾ ಅತ್ತೆ." ಹಾಗೆ ಆ ಬಟ್ಟಲು ಮತ್ತೆ ನಮ್ಮ ಮನೆಗೇ ಬಂತು. ಬಂದ ಮೇಲೆ ತುಂಬಿಸಿ ವಾಪಸ್ಸು ಕಳಿಸಲೇಬೇಕಲ್ಲ. ಬಟ್ಟಲು ಬಳಕೆ ಮತ್ತೆ ಶುರುವಾದದ್ದು ಹೀಗೆ. ಮಾವನವರು ನೋಡಿಯೂ ನೋಡದಂತೆ ಇದ್ದರು.

ಅವತ್ತು ಸಾಯಂಕಾಲ ಪಾತ್ರೆ ತೊಳೆಯಲು ಕೈಜೋಡಿಸಿದಾಗ ನಾನು ಅತ್ತೆಯ ಪರವಾಗಿ ಏನೋ ಹೇಳಲು ಹೋದೆ. ಟೀಚರು ತಡೆದರು. "ಬಂದ್ರಲ್ಲೇ, ಅದು ಈ ವರ್ಷದ್ದು. ಊಟ ಇನ್ನೊಂದು ವರ್ಷದ್ದು ಇರ್ಲಿ ಬಿಡು." ಆಮೇಲೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತ ಹೇಳಿದರು: "ಆದ್ರೆ ಹನುಮಕ್ಕ ಅಂದಿದ್ದೇ ಸರಿ ಕಣೇ. ನಿಮ್ಮತ್ತೆ ಬಂದ ಖುಷಿಯಲ್ಲಿ ನಾನು ಸುಳ್ಳಿಗೆ ಹೂಂಗುಟ್ಟಿದೆ. ಪಕ್ಕದ ಎಲೆಯಲ್ಲಿ ಕೂತೋಳಿಗೆ ಹೆಂಗಾಗಿರಬೇಕು ಅಂತ ಆಮೇಲೆ ಹೊಳೀತು. ಎರಡೂ ಬೇಕು ಅಂತೀನಲ್ಲ, ಅದರ ಬೆಲೆ ಒಂದೊಂದು ಸಲ ಅವಳು ಕೊಡ್ತಾಳೆ."

ಮಾರನೆಯ ದಿನ ಅವರು ಕೇರಿಗೆ ಹೋಗಿ ಹನುಮಕ್ಕನ ಹತ್ತಿರ ಇದೇ ಮಾತು ಹೇಳಿ ಬಂದರಂತೆ. "ಬಿಡಿ ಟೀಚರಮ್ಮ, ಹೋಳಿಗೆ ಚೆನ್ನಾಗಿತ್ತು" ಎಂದಳಂತೆ ಅವಳು.

ಮುಂದಿನ ಚುನಾವಣೆಗೆ ಮತ್ತೆ ವೀಳ್ಯದ ತಟ್ಟೆ ಹೊರಟಿತು. ಟೀಚರ ಮನೆಗೆ ಹೋಗುವುದೇ ಬೇಡವೆಂದು ಹಿಂದಿದ್ದವರು ಹೇಳಿದರು. ಮಾವನವರು ಕೇಳಲಿಲ್ಲ. ಅವರ ಬಾಗಿಲಿಗೆ ಹೋಗಿ ನಿಂತು, ತಟ್ಟೆ ಮುಂದೆ ಹಿಡಿದು, ಜೇಬಿನಿಂದ ತಮ್ಮದೇ ಸುಣ್ಣದ ಡಬ್ಬಿ ತೆಗೆದರು. "ತಗೋ 'ಆದ್ರೆ' ತಾಯಿ, ಜಗಿ. ಸುಣ್ಣಾನೂ ತಂದಿದೀನಿ. ವೋಟು ನಿಂದು, ಎಲೆ ನಂದು." ಇಬ್ಬರೂ ಬಾಗಿಲಲ್ಲೇ ನಿಂತು ಎಲೆ ಅಡಿಕೆ ಜಗಿದರು. ಮಾವನವರ ವಿಚಾರ ಬದಲಾಗಲಿಲ್ಲ, ಟೀಚರದ್ದೂ ಇಲ್ಲ. ಮಾವನವರು ಹೋದ ದಿನ ಟೀಚರು ಸ್ಕೂಲಿಗೆ ರಜಾ ಹಾಕಿ ಅತ್ತೆಯ ಪಕ್ಕ ಕೂತಿದ್ದರು.

ರಿಟೈರ್ ಆದ ಮೇಲೆ ಗಂಡ ಹೆಂಡತಿ ಕಡೂರಿನಲ್ಲಿ ಗಿರಿಜೆಯ ಮನೆ ಹತ್ತಿರ ಮನೆ ಮಾಡಿದರು. ಸಾಮಾನು ಸಾಗಿಸುವ ಗಲಾಟೆಯಲ್ಲಿ ಆ ಬಟ್ಟಲು ನಮ್ಮಲ್ಲೇ ಉಳಿಯಿತು. ಕೊಟ್ಟುಬರಬೇಕು ಎನ್ನುತ್ತಲೇ ಇದ್ದೆವು. ಅತ್ತೆ ಕಡೂರಿಗೆ ಎರಡು ಸಲ ಹೋಗಿ ಬಂದರು, ಎರಡು ಸಲವೂ ಊಟದ ಹೊತ್ತು ತಪ್ಪಿಸಿಯೇ ಹೋಗಿದ್ದರು. ಟೀಚರು ಬಲವಂತ ಮಾಡಲಿಲ್ಲವಂತೆ.

ಇವತ್ತು ಹನುಮಕ್ಕ ಎಲ್ಲ ಹೇಳಿ ಮುಗಿಸಿ ಎದ್ದಳು. ಅತ್ತೆ ಹೊಸ್ತಿಲಲ್ಲೇ ನಿಂತಿದ್ದರು, ಬಾಗಿಲ ಚೌಕಟ್ಟು ಹಿಡಿದುಕೊಂಡು.

"ಎಲ್ಲಿಗೆ ಹೋಗ್ತೀಯೇ? ಒಳಗೆ ಬಾ" ಎಂದರು.

ಹನುಮಕ್ಕ ನನ್ನ ಮುಖ ನೋಡಿದಳು. ಅತ್ತೆ ನನ್ನ ಕಡೆ ತಿರುಗಿ, "ಹಿತ್ತಲಲ್ಲಿ ಮಾವಿನಕಾಯಿ ಬಿಟ್ಟಿದಾವಲ್ಲ. ಅವಳು ಚಿತ್ರಾನ್ನಕ್ಕೆ ಏನು ಹಾಕ್ತಿದ್ಲೇ? ನೀನು ತಿಂದಿದೀಯ, ನಿಂಗೆ ಗೊತ್ತಿರಬೇಕು" ಎಂದರು. ನಾನು ತಿಂದದ್ದು ಅವರಿಗೆ ಗೊತ್ತಿತ್ತು ಎಂದು ನನಗೆ ಇವತ್ತು ಗೊತ್ತಾಯಿತು.

ಆರಿಸಿಟ್ಟ ಅಕ್ಕಿ ಹಾಕಿ ಉದುರಾಗಿ ಅನ್ನ ಮಾಡಿದೆ. ಮಾವಿನಕಾಯಿ ತುರಿದೆ. ಹಸಿ ಸಾಸಿವೆ, ಕಾಯಿ, ಒಣಮೆಣಸಿನಕಾಯಿ, ಚೂರು ಬೆಲ್ಲ ರುಬ್ಬಿದೆ. ಕಡಲೆಬೀಜ ಹಾಕಿ ಒಗ್ಗರಣೆ ಕೊಟ್ಟೆ. ಅತ್ತೆ ತಾವೇ ಪಡಸಾಲೆಯಲ್ಲಿ ಎಲೆ ಹಾಕಿದರು. ಅಕ್ಕಪಕ್ಕ ಎರಡು, ಎದುರಿಗೆ ನನಗೊಂದು. ಹನುಮಕ್ಕ ಕೂತಳು. ಅತ್ತೆ ಕೂರುವುದನ್ನು ನೋಡಿ ಅವಳಿಗೇ ಗಾಬರಿಯಾಯಿತು.

"ಅಮ್ಮಾರೆ, ಇವತ್ತು ನಿಜವಾಗ್ಲೂ ಸೋಮವಾರ."

"ಅದು ಅವತ್ತೇ ಆಗೋಯ್ತು ಕಣೇ" ಎಂದರು ಅತ್ತೆ. "ಬಡಿಸೇ."

ಹಲಗೆಯ ಮೇಲಿದ್ದ ಸ್ಟೀಲ್ ಬಟ್ಟಲಿನಲ್ಲೇ ತುಂಬಿ ತಂದು ಬಡಿಸಿದೆ. ಅತ್ತೆ ಮೊದಲ ತುತ್ತನ್ನು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡಿದ್ದರು. ಹನುಮಕ್ಕ ಎಲೆ ಖಾಲಿ ಮಾಡಿದಳು. ಎರಡನೆಯ ಸಲ ಬಡಿಸುವಾಗ, "ಅದು ಸರಿ, ಆದ್ರೆ ಟೀಚರಮ್ಮ ಇನ್ನೊಂಚೂರು ಉಪ್ಪು ಹಾಕ್ತಿದ್ರು" ಎಂದಳು. ಅತ್ತೆ ಉಪ್ಪಿನ ಮರಿಗೆಯನ್ನು ಎಡಗೈಯಲ್ಲಿ ಅವಳ ಕಡೆ ತಳ್ಳಿದರು.

ಸಾಯಂಕಾಲ ಇವರು ಮಂಡಿಯಿಂದ ಬಂದರು. ವಿಷಯ ಹೇಳಿದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಮೂವರೂ ಕಡೂರಿಗೆ ಹೋಗುವುದೆಂದಾಯಿತು. ಬಟ್ಟಲು ತೊಳೆದು, ಗಿರಿಜೆಗೆ ಕೊಡಲು ಅಕ್ಕಿ, ಬೆಲ್ಲ ತುಂಬಿಟ್ಟೆ. ಇವರು ಉಳಿದ ಚಿತ್ರಾನ್ನ, ಮೊಸರನ್ನ ಉಂಡರು. "ಅಮ್ಮ ಏನು ತಗೊಂಡ್ಲು?" ಎಂದು ಕೇಳಿದರು. "ಚಿತ್ರಾನ್ನ" ಎಂದೆ. ಗೋಡೆಯ ಕ್ಯಾಲೆಂಡರ್ ಒಂದು ಸಲ ನೋಡಿ, ಕೈ ತೊಳೆಯಲು ಎದ್ದು ಹೋದರು. ಅತ್ತೆ ಹಾಲು ಬೇಡವೆಂದರು, ಹೊಟ್ಟೆ ತುಂಬಿದೆ ಎಂದರು. ಎಲ್ಲರಿಗಿಂತ ಮೊದಲು ಮಲಗಿದವರೂ ಅವರೇ. ನಾನು ಅಡಿಗೆಮನೆ ಒರೆಸಿ ಬರುವಷ್ಟರಲ್ಲಿ ನಿದ್ದೆ ಹತ್ತಿತ್ತು.